“ಹತ್ತು ವರ್ಷ ಬಾಳೋದು ಯಾವುದು, ಮಾವ?”

ಕಳೆದ ಭಾನುವಾರ ಅಕ್ಕನ ಮಗ ಶಿವಮೊಗ್ಗದಿಂದ ಬಂದಿದ್ದ. ನಾನು ಬಳಸಿ ಬಿಟ್ಟ ಮ್ಯಾಕ್ ಈಗ ಅವನ ಕೈಯಲ್ಲಿದೆ. ಗ್ರಾಫಿಕ್ಸ್ ಲ್ಯಾಬಿಗೆಂದು ಬರೆದ ಪ್ರೋಗ್ರಾಂ ಒಂದನ್ನು ಅದರಲ್ಲಿ ಓಡಿಸಿ ತೋರಿಸಿದ. ಕಿಟಕಿಯಲ್ಲಿ ಕೆಂಪು ತ್ರಿಕೋನ ಸರಿಯಾಗಿಯೇ ಮೂಡಿತು. ಆದರೆ ಕೋಡ್ ಬರೆಯುವ ಸಾಧನವಾದ ಎಕ್ಸ್‌ಕೋಡಿನ ಅಂಚಿನಲ್ಲಿ, ಚಿತ್ರ ಬಿಡಿಸಲು ಕಂಪ್ಯೂಟರಿಗೆ ಆಜ್ಞೆ ಕೊಡುವ ಓಪನ್‌ಜಿಎಲ್ ಬಳಸಿದ ಪ್ರತಿ ಸಾಲಿಗೂ ಎಚ್ಚರಿಕೆಯ ಹಳದಿ ತ್ರಿಕೋನವೊಂದು ಅಂಟಿಕೊಂಡಿತ್ತು. ಮ್ಯಾಕ್‌ಓಎಸ್ 10.14ರಿಂದ ಇದು ಡೆಪ್ರಿಕೇಟೆಡ್, ಅಂದರೆ ಹಳೆಯದಾಯಿತು, ಇನ್ನು ಬಳಸಬೇಡಿ ಎಂಬ ಸೂಚನೆಯ ಜೊತೆಗೆ, ಈ ಎಚ್ಚರಿಕೆಗಳು ಕಾಣಬಾರದೆಂದರೆ ಯಾವ ಸಾಲನ್ನು ಸೇರಿಸಬೇಕೆಂಬುದನ್ನೂ ಅಲ್ಲಿಯೇ ಹೇಳಿತ್ತು. ಅವನು ಆ ಸಾಲು ಸೇರಿಸಿದ, ಹಳದಿಯೆಲ್ಲ ಮಾಯವಾಯಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಹತ್ತು ವರ್ಷ ಬಾಳೋದು ಯಾವುದು, ಮಾವ? ಅದನ್ನೇ ಕಲಿತುಬಿಡ್ತೀನಿ.”

ಓಪನ್‌ಜಿಎಲ್‌ನ ಜಾಗಕ್ಕೆ ಬಂದ ಹೊಸದರ ಹೆಸರು ಹೇಳಿ “ವಲ್ಕನ್ ಕಲಿ” ಎಂದುಬಿಟ್ಟೆ, ಮಿಕ್ಸಿಗೆ ಗ್ಯಾರಂಟಿ ಕೊಡುವ ಅಂಗಡಿಯವನ ಹಾಗೆ.

“ಆದ್ರೆ ಈ ಮ್ಯಾಕಿನಲ್ಲಿ ವಲ್ಕನ್ ನೇರವಾಗಿ ಓಡಲ್ವಲ್ಲ?”

ಹೌದು, ಓಡುವುದಿಲ್ಲ. ಆಪಲ್‌ನ ಯಂತ್ರಗಳ ಸ್ವಂತ ಭಾಷೆ ಮೆಟಲ್. ವಲ್ಕನ್‌ನಲ್ಲಿ ಬರೆದದ್ದನ್ನು ಮೋಲ್ಟನ್‌ವಿಕೆಯಂಥ ದುಭಾಷಿ ನಡುವೆ ನಿಂತು ಅದಕ್ಕೆ ತಿಳಿಸಿ ಹೇಳಬೇಕು. ಹುಡುಗ ಮಿತಭಾಷಿ, ಆದರೆ ಕೇಳಿದರೆ ಸರಿಯಾದ ಜಾಗಕ್ಕೇ ಕೈ ಹಾಕುತ್ತಾನೆ; ಈ ಗುಣ ಅಕ್ಕನದು, ನಮ್ಮ ಭಾವನದಲ್ಲ.

ಆ ಪ್ರಶ್ನೆ ವಾರವಿಡೀ ಕಿವಿಯಲ್ಲೇ ಉಳಿಯಿತು. ನಾನು ಓದುವಾಗ ವಿಟಿಯು ಲ್ಯಾಬಿನಲ್ಲಿ ಓಪನ್‌ಜಿಎಲ್‌ಗೆ ಗ್ಲಟ್ ಎಂಬ ಸಹಾಯಕ ಲೈಬ್ರರಿ ಜೋಡಿಸಿಕೊಂಡು, ಬಣ್ಣದ ಘನವನ್ನು ತಿರುಗಿಸಿ, ಟೀಪಾಟನ್ನು ಮೇಜಿನ ಮೇಲೆ ಕೂರಿಸಿ ರೆಕಾರ್ಡ್ ಬರೆದಿದ್ದೆವು. ಇದು ಎಷ್ಟು ವರ್ಷ ಬಾಳುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. 1992ರಲ್ಲಿ ಬಂದ ಓಪನ್‌ಜಿಎಲ್‌ನ ಕೊನೆಯ ಆವೃತ್ತಿ 4.6 ಹೊರಬಿದ್ದದ್ದು 2017ರಲ್ಲಿ. ಮರುವರ್ಷವೇ ಆಪಲ್ ಅದನ್ನು ಹಳೆಯದೆಂದು ಘೋಷಿಸಿತು. ಹಾಗೆ ಘೋಷಿಸಿ ಇಷ್ಟು ವರ್ಷಗಳಾದ ಮೇಲೂ ನನ್ನ ಮುಂದೆ ಆ ಕೆಂಪು ತ್ರಿಕೋನ ಮೂಡಿತಲ್ಲ! ಈ ಕ್ಷೇತ್ರದಲ್ಲಿ ಯಾವುದೂ ಒಂದೇ ದಿನ ಸಾಯುವುದಿಲ್ಲ, ಅದರ ಕಡೆ ನೋಡುವವರು ಕಡಿಮೆಯಾಗುತ್ತ ಹೋಗುತ್ತಾರೆ. ಅತ್ತ ವಲ್ಕನ್ 2016ರಲ್ಲಿ ಬಂದು, 2025ರಲ್ಲಿ ಗೂಗಲ್ ಅದನ್ನೇ ಆಂಡ್ರಾಯ್ಡ್‌ನ ಅಧಿಕೃತ ಗ್ರಾಫಿಕ್ಸ್ ಎಪಿಐ (ಪ್ರೋಗ್ರಾಂಗಳು ಆಜ್ಞೆ ಕೊಡುವ ದಾರಿ) ಎಂದು ಸಾರುವಷ್ಟು ಬೆಳೆದಿದೆ. ಹಾಗಾಗಿ ನನ್ನ ಸಲಹೆ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದದ್ದು ಅದನ್ನು ಹೇಳಿದ ಧೈರ್ಯ.

ಏಕೆಂದರೆ ನನ್ನ ನಿಜವಾದ ಅಂಜಿಕೆ ಬೇರೆಯೇ ಇದೆ, ಅದನ್ನು ಹುಡುಗನ ಮುಂದೆ ಬಾಯಿಬಿಡಲಿಲ್ಲ. 2025ರ ಆರಂಭದಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ತಂದ ಡಿಎಲ್‌ಎಸ್‌ಎಸ್ 4 ಎಂಬ ತಂತ್ರದಲ್ಲಿ, ವಿಡಿಯೋ ಆಟವು ಲೆಕ್ಕ ಹಾಕಿ ಬಿಡಿಸಿದ ಪ್ರತಿ ಫ್ರೇಮಿನ ಬೆನ್ನಿಗೆ ಮೂರು ಫ್ರೇಮುಗಳವರೆಗೆ ಎಐ ತಾನೇ ಊಹಿಸಿ ಸೇರಿಸಬಲ್ಲದು. ಅಂದರೆ ಪರದೆಯ ಮೇಲಿನ ನಾಲ್ಕು ಚಿತ್ರಗಳಲ್ಲಿ ಮೂರು ನಮ್ಮ ಕೋಡು ಬಿಡಿಸಿದವಲ್ಲ. ಓಪನ್‌ಜಿಎಲ್ ಹೋಗಿ ವಲ್ಕನ್ ಬಂದರೆ ವ್ಯಾಕರಣ ಬದಲಾಗುತ್ತದೆ, ಹೇಗೋ ಕಲಿಯಬಹುದು. ಬಿಡಿಸುವ ಕೆಲಸವೇ ಊಹಿಸುವ ಕೆಲಸವಾಗುತ್ತ ಹೋದರೆ ಆ ಹುಡುಗನಿಗೆ ಯಾವ ಪುಸ್ತಕ ಕೊಡಬೇಕು? ಚಿತ್ರ ಬಿಡಿಸುವ ಕೆಲಸ ನೋಡಿಕೊಳ್ಳಲು ಸಿದ್ಧ ಗೇಮ್ ಎಂಜಿನ್ ಇದೆ, ಕೆಳಗಿನದು ನಮಗೇಕೆ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಅವರ ನಿಶ್ಚಿಂತೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಗುರುವಾರ ರಾತ್ರಿ ಅವನದೊಂದು ಚಿತ್ರ ಬಂತು: ಬರೀ ಕಪ್ಪು ಕಿಟಕಿ. “ವಲ್ಕನ್‌ನಲ್ಲಿ ಬರೆದೆ ಮಾವ, ಹತ್ತಿರ ಹತ್ತಿರ ಸಾವಿರ ಸಾಲು. ಎರರ್ ಒಂದೂ ಇಲ್ಲ, ತ್ರಿಕೋನಾನೂ ಇಲ್ಲ.” ತ್ರಿಕೋನದ ಮೂಲೆಯ ಬಿಂದುಗಳನ್ನು ಹಳೆಯ ಪ್ರೋಗ್ರಾಮಿನಿಂದ ಹಾಗೆಯೇ ಎತ್ತಿಕೊಂಡೆಯಾ ಎಂದು ಕೇಳಿದೆ. ಹೌದಂತೆ. ಓಪನ್‌ಜಿಎಲ್‌ನಲ್ಲಿ ಮೇಲ್ಮುಖವಾದ ವೈ ಅಕ್ಷ ವಲ್ಕನ್‌ನಲ್ಲಿ ಕೆಳಮುಖ. ತ್ರಿಕೋನ ತಲೆಕೆಳಗಾಗಿ, ಬಿಂದುಗಳ ಸುತ್ತು ತಿರುವುಮುರುವಾಗಿ, ಅದನ್ನು ಕಾಣದ ಬೆನ್ನು ಎಂದು ತಿಳಿದ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಬಿಡಿಸದೆ ಬಿಟ್ಟಿರುತ್ತದೆ. ಇಷ್ಟನ್ನು ಟೈಪ್ ಮಾಡಿ ಕಳಿಸಿದೆ. ಐದು ನಿಮಿಷಕ್ಕೆ ಇನ್ನೊಂದು ಚಿತ್ರ ಬಂತು, ಅದರಲ್ಲಿ ಕೆಂಪು ತ್ರಿಕೋನವಿತ್ತು. ಕೆಳಗೆ ಒಂದೇ ಸಾಲು: “ಇದು ನಿಮಗೆ ಹೇಗೆ ಗೊತ್ತಾಯ್ತು, ನೀವು ಕಲಿತದ್ದು ಓಪನ್‌ಜಿಎಲ್ ಅಲ್ವಾ?”