ನಿಮ್ಮ ಹತ್ತು ಪುಟ ಓದುವವರು ಯಾರು?

"ಇಷ್ಟೂ ಜನ ಬರಹಗಾರರಾ?" ಅಂದರು ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯಾಕೆ. ಫೋನಿನಲ್ಲಿದ್ದದ್ದು 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನದ ಫೋಟೋಗಳು: ಮೆರವಣಿಗೆ, ಪುಸ್ತಕ ಮಳಿಗೆ, ಊಟದ ಸಾಲು. ಬರೆಯುವವರು ಕೆಲವರು, ಓದುವವರು ಬಹಳ, ಓಓಡಿ (ಅನ್ಯಕರ್ತವ್ಯದ ರಜೆ) ಸಿಕ್ಕಿತೆಂದು ಬಂದ ಮೇಷ್ಟ್ರುಗಳೂ ಬಹಳ ಎಂಬ ಉತ್ತರ ಅವರಿಗೆ ಸಾಲಲಿಲ್ಲ. "ಸರಿ, ನಿಮ್ಮ ಹತ್ತು ಪುಟ ಓದುವವರು ಯಾರು?"

ಆಕೆ ನಿವೃತ್ತ ನರ್ಸ್, ಮೊದಲ ಕಾದಂಬರಿ ಬರೆಯುತ್ತಿದ್ದಾರೆ. ಅಮೆರಿಕದ ರೈಟರ್ಸ್ ಕಾನ್ಫರೆನ್ಸ್ ಎಂದರೆ ಅವರ ಪಾಲಿಗೆ ಇಷ್ಟೇ: ಮುಖಪರಿಚಯವೂ ಇಲ್ಲದ ಒಬ್ಬರು ಪೆನ್ಸಿಲ್ ಹಿಡಿದು ತನ್ನ ಹತ್ತು ಪುಟ ಓದಬೇಕು. ಹೊಸಬರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದು ಏಜೆಂಟ್ ಹಿಡಿಯಲು, ಅಂದರೆ ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರಿಕೊಡುವವರನ್ನು. ನರ್ಸಮ್ಮನ ಲೆಕ್ಕವೇ ಸರಿ.

ಏಜೆಂಟರ ಎದುರು ಕೂರುವ 'ಪಿಚ್' ಸಾಮಾನ್ಯವಾಗಿ ಎಂಟು-ಹತ್ತು ನಿಮಿಷ. ಯಾರ ಕಥೆ, ಅವರಿಗೆ ಏನು ಬೇಕು, ಅಡ್ಡಿ ಏನು ಎಂಬುದನ್ನು ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸಿದರೆ ಉಳಿದ ಹೊತ್ತು ಅವರ ಪ್ರಶ್ನೆಗಳಿಗೆ ಸಿಗುತ್ತದೆ. ಕೊನೆಗೆ "ಕಳಿಸಿ" ಅನ್ನುತ್ತಾರೆ. ಎದುರಿಗೆ ಕೂತವರಿಗೆ ಬೇಡ ಎನ್ನಲು ಏಜೆಂಟರಿಗೂ ದಾಕ್ಷಿಣ್ಯ. ಆ ಮಾತಿಗೆ ಹೆಚ್ಚು ಬೆಲೆ ಕಟ್ಟಬಾರದು. ಎಡವಟ್ಟಾಗುವುದು ಇಲ್ಲಿಯೇ. ಕಥೇತರ ಪುಸ್ತಕವಾದರೆ ಪ್ರಸ್ತಾವದ (ಪ್ರಪೋಸಲ್) ಮೇಲೆಯೇ ವ್ಯವಹಾರ ಕುದುರಬಹುದು, ಹೊಸಬರ ಕಾದಂಬರಿ ಮಾತ್ರ ಪೂರ್ತಿ ಬರೆದಿರಬೇಕು. ಏಜೆಂಟರು "ಕಳಿಸಿ" ಎಂದದ್ದೇ ತಡ, ಅರ್ಧ ಬರೆದವರು ಮೂರು ವಾರದಲ್ಲಿ ಉಳಿದರ್ಧ ಗೀಚಿ ಕಳಿಸುತ್ತಾರೆ. ಆ ಬಾಗಿಲು ಎರಡನೇ ಸಲ ತೆರೆಯುವುದು ಕಷ್ಟ.

ಹಾಗಾಗಿ ದುಡ್ಡು ಹಾಕುವುದಾದರೆ ಪಿಚ್‌ಗಿಂತ ಮೊದಲು ಹಸ್ತಪ್ರತಿ ವಿಮರ್ಶೆಗೆ, ಅಂದರೆ ಆ ಪೆನ್ಸಿಲ್ ಹಿಡಿದ ಓದಿಗೆ, ಹಾಕಿ. ಹತ್ತು ಪುಟಗಳನ್ನು ವಾರಗಳ ಮುಂಚೆಯೇ ಕಳಿಸಬೇಕಾಗುತ್ತದೆ. ಹನ್ನೆರಡು ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಡಬಲ್ ಸ್ಪೇಸ್, ನಾಲ್ಕೂ ಕಡೆ ಒಂದಿಂಚು ಅಂಚು. ಪುಟಕ್ಕೆ ಸುಮಾರು 250 ಪದ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿ ಹತ್ತು ಪುಟದಲ್ಲಿ ಹದಿನೈದು ಪುಟದ ಸರಕು ತುಂಬುವ ಜಾಣತನ ಅಲ್ಲಿ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ. ಜೊತೆಗೊಂದು ಪುಟದ ಸಾರಾಂಶ. ಅದರಲ್ಲಿ ಕಥೆಯ ಅಂತ್ಯವನ್ನು ಮುಚ್ಚಿಡುವಂತಿಲ್ಲ.

ಕೈಯಲ್ಲಿ ಕಾಸು ಕಮ್ಮಿ ಇದ್ದರೆ 'ಮೊದಲ ಪುಟ' ಗೋಷ್ಠಿಗೆ ಹೋಗಿ. ಹೆಸರಿಲ್ಲದ ಪುಟಗಳನ್ನು ಒಬ್ಬರು ಜೋರಾಗಿ ಓದುತ್ತಾರೆ. ಮೂರು-ನಾಲ್ಕು ಏಜೆಂಟರು ಸಾಲಾಗಿ ಕೂತಿರುತ್ತಾರೆ. ತಾನಾಗಿದ್ದರೆ ಇಲ್ಲಿಗೆ ಓದು ನಿಲ್ಲಿಸುತ್ತಿದ್ದೆ ಅನ್ನಿಸಿದ ಸಾಲಿಗೆ ಒಬ್ಬೊಬ್ಬರೇ ಕೈ ಎತ್ತುತ್ತಾರೆ. ಅಲಾರಂ ಹೊಡೆದು ನಾಯಕ ಎದ್ದ, ಒಂದು ಕೈ. ಕನ್ನಡಿ ನೋಡಿಕೊಂಡು ತನ್ನ ಕಣ್ಣಿನ ಬಣ್ಣ ವರ್ಣಿಸಿಕೊಂಡ, ಎರಡನೆಯ ಕೈ. ಅಜ್ಜಿಯ ಕಾಲದ ಹಿನ್ನೆಲೆ ಶುರುವಾಯಿತು, ಮೂರನೆಯದೂ ಮೇಲಕ್ಕೆ. ಓದು ಅಲ್ಲಿಗೇ ನಿಂತಿತು. ಬರೆದವರು ಅದೇ ಹಾಲಿನಲ್ಲಿ ತಲೆತಗ್ಗಿಸಿ ಕೂತಿರುತ್ತಾರೆ. ಪಕ್ಕದಲ್ಲಿ ಕೂತು ಕೇಳಿದವರು ಮನೆಗೆ ಹೋಗಿ ತಮ್ಮ ಮೊದಲ ಪುಟ ಹರಿಯುತ್ತಾರೆ.

ಕಾನ್ಫರೆನ್ಸಿನ ಶುಲ್ಕ ಕೆಲವು ನೂರು ಡಾಲರ್. ಹೋಟೆಲ್ ಬಾಡಿಗೆಯೇ ಶುಲ್ಕವನ್ನು ಮೀರಿಸುವುದುಂಟು. ಅದಕ್ಕೇ ಮೊದಲ ಸಲ ಹತ್ತಿರದ ಊರಿನದೇ ಆಗಲಿ. 1926ರಿಂದ ವರ್ಮಾಂಟಿನ ಬೆಟ್ಟದಲ್ಲಿ ನಡೆಯುತ್ತಿರುವ ಬ್ರೆಡ್ ಲೋಫ್‌ನಂಥವಕ್ಕೆ ಹಣ ಕಟ್ಟಿದರಷ್ಟೇ ಸಾಲದು, ಬರಹ ಕಳಿಸಿ ಆಯ್ಕೆಯಾಗಬೇಕು. ಇನ್ನೊಂದು ಎಚ್ಚರಿಕೆ: ಹಸ್ತಪ್ರತಿ ಓದಲೆಂದೇ ಶುಲ್ಕ ಕೇಳುವ ಏಜೆಂಟರಿಂದ ದೂರವಿರಿ. ಸರಿಯಾದ ಏಜೆಂಟರ ಗಳಿಕೆ ಪುಸ್ತಕ ಮಾರಾಟವಾದ ಮೇಲೆ, ನೂರಕ್ಕೆ ಹದಿನೈದು. ಕಾನ್ಫರೆನ್ಸಿನ ವಿಮರ್ಶೆಗೆ ಆಯೋಜಕರು ಪಡೆಯುವ ಹಣ ಬೇರೆ.

ಕನ್ನಡದಿಂದ ಇಂಗ್ಲಿಷಿಗೆ ತರುವವರಿಗೂ ಇಲ್ಲಿ ದಾರಿಯಿದೆ. ಬಾನು ಮುಷ್ತಾಕ್, ದೀಪಾ ಭಾಸ್ತಿ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲಂತೂ ಕನ್ನಡ ಎಂದರೆ ಯಾವ ಭಾಷೆ ಎಂದು ಬಿಡಿಸಿ ಹೇಳುವ ಶ್ರಮ ತುಸು ಇಳಿದಿದೆ. ಮಾದರಿ ಅನುವಾದದ ಜೊತೆ ಮೂಲ ಲೇಖಕರ ಲಿಖಿತ ಒಪ್ಪಿಗೆಯೂ ಇರಲಿ.

ಮತ್ತೆ ನರ್ಸಮ್ಮನ ಪ್ರಶ್ನೆ. 1915ರಿಂದ ನಡೆದುಬಂದ ನಮ್ಮ ಸಮ್ಮೇಳನಕ್ಕೆ ಬರುವ ಜನಸಾಗರ ಇಲ್ಲಿನ ಯಾವ ಕಾನ್ಫರೆನ್ಸಿಗೂ ಇಲ್ಲ. ಭಾಷೆಗೆ ಜಾತ್ರೆ ಕಟ್ಟುವುದು ಇಲ್ಲಿಯವರಿಗೆ ತಿಳಿಯದ ವಿದ್ಯೆ. ಆದರೆ ಮಂಡ್ಯದಲ್ಲಿ ಬಾಡೂಟ ಬೇಕೆಂಬ ಕೂಗು ಎದ್ದಿತ್ತು. ಹಸ್ತಪ್ರತಿ ಓದುವವರು ಬೇಕೆಂದು ಯಾರಾದರೂ ಕೂಗಿದ ನೆನಪಿಲ್ಲ. ನಮ್ಮಲ್ಲಿ ಎಷ್ಟೋ ಹೊಸ ಕಾದಂಬರಿಗಳ ಮೊದಲ ಓದುಗರು ಡಿಟಿಪಿ ಮಾಡುವ ಹುಡುಗಿ, ಎರಡನೆಯವರು ಮುನ್ನುಡಿ ಬರೆಯುವ ಮೇಷ್ಟ್ರು. ಹುಡುಗಿಗೆ ಹೇಳುವ ಅಧಿಕಾರವಿಲ್ಲ, ಮೇಷ್ಟ್ರಿಗೆ ಹೇಳುವ ಮನಸ್ಸಿಲ್ಲ.

ಹಿಂದೆ ವಾರಪತ್ರಿಕೆಗಳಿಗೆ ಕಥೆ ಕಳಿಸುವಾಗ ಅಂಚೆಚೀಟಿ ಹಚ್ಚಿದ, ಸ್ವವಿಳಾಸದ ಲಕೋಟೆ ಇಡಬೇಕಿತ್ತು. ಹೆಚ್ಚಿನವು 'ವಿಷಾದ'ದ ಚೀಟಿಯೊಂದಿಗೆ ಮರಳುತ್ತಿದ್ದವು. ಅಪರೂಪಕ್ಕೊಮ್ಮೆ ಯಾವುದೋ ಪುಟದ ಅಂಚಿನಲ್ಲಿ ಕೆಂಪು ಶಾಯಿಯ ಒಂದು ಗೀಟು ಇರುತ್ತಿತ್ತು. ಕಥೆ ಕೈಬಿಟ್ಟದ್ದು ಎಲ್ಲಿ ಎಂದು ಅದೊಂದರಿಂದಲೇ ಗೊತ್ತಾಗುತ್ತಿತ್ತು.