ಫೋನಿನಲ್ಲೇ ಸಿಗುವ ಹಾಡುಗಳಿಗೆ ಆ ಹಳೇ ಆಲ್ಬಮ್ಮೇ ಬೇಕಾ?

ಹಳೇ ರಾಕ್ ಅಂಡ್ ರೋಲ್ ಬಗ್ಗೆ ಏನು ಬರೆದರೂ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ: ‘ಅಮೆರಿಕನ್ ಗ್ರಾಫಿಟಿ’ ಸಿನಿಮಾದ ಆಲ್ಬಮ್ಮಿನಲ್ಲಿರುವ ಹಾಡುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಆ ಸಿನಿಮಾಕ್ಕಿಂತ ಹತ್ತಿಪ್ಪತ್ತು ವರ್ಷ ಹಳೆಯವು. ಒಂದೊಂದೂ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಬೇಕಾದ್ದನ್ನು ಆರಿಸಿಕೊಂಡು ಕೇಳುವುದು ಬಿಟ್ಟು ಆ ನಲವತ್ತೊಂದನ್ನೂ ಸಾಲಾಗಿ ಹಾಕಿಕೊಂಡು ಕೂರುತ್ತೀರಲ್ಲ, ಏನಿದೆ ಅದರಲ್ಲಿ?

ಒಂದು ರಾತ್ರಿಯ ರೇಡಿಯೊ ಇದೆ ಅದರಲ್ಲಿ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿನಿಮಾ ನೋಡದವರಿಗಾಗಿ: 1973ರಲ್ಲಿ ಬಂದದ್ದು, ಜಾರ್ಜ್ ಲ್ಯೂಕಸ್ ನಿರ್ದೇಶನ. ‘ಸ್ಟಾರ್ ವಾರ್ಸ್’ಗೆ ನಾಲ್ಕು ವರ್ಷ ಮುಂಚೆ. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರು, 1962ರ ಬೇಸಿಗೆಯ ಕೊನೆ. ಹೈಸ್ಕೂಲು ಮುಗಿಸಿದ ಹುಡುಗರು ರಾತ್ರಿಯಿಡೀ ಕಾರಿನಲ್ಲಿ ಊರು ಸುತ್ತುತ್ತಾರೆ. ಬೆಳಗಾದರೆ ಇಬ್ಬರು ಕಾಲೇಜಿಗೆಂದು ವಿಮಾನ ಹತ್ತಬೇಕು. ಕಥೆ ಅಂತ ಅಷ್ಟೇ. ಎಲ್ಲ ಕಾರಿನಲ್ಲೂ ಒಂದೇ ಸ್ಟೇಷನ್, ಅದರಲ್ಲಿ ವೂಲ್ಫ್‌ಮನ್ ಜ್ಯಾಕ್ ಎಂಬ ಡಿಜೆಯ ಗೊಗ್ಗರು ದನಿ. ಆತ ನಿಜವಾಗಿಯೂ ಇದ್ದ, ಸಿನಿಮಾದಲ್ಲೂ ತಾನೇ ತಾನಾಗಿ ಬಂದಿದ್ದಾನೆ. ಗಡಿಯಾಚೆ ಮೆಕ್ಸಿಕೋದಿಂದ ಪ್ರಸಾರವಾಗುತ್ತಿದ್ದ ಸ್ಟೇಷನ್ನುಗಳಿಂದ ಹೆಸರು ಮಾಡಿದವನು. ಇಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಮೂಗು ಮುರಿದಿದ್ದ ಐವತ್ತರ ದಶಕದಲ್ಲಿ ಜನ ರೇಡಿಯೊ ಸಿಲೋನ್ ತಿರುಗಿಸುತ್ತಿದ್ದರಲ್ಲ, ಆ ಪೈಕಿ ಅಂದುಕೊಳ್ಳಿ.

ಲ್ಯೂಕಸ್ ಚಿತ್ರಕಥೆ ಬರೆದದ್ದೇ ತನ್ನ ಹಳೇ ರೆಕಾರ್ಡುಗಳನ್ನು ಹಾಕಿಕೊಂಡು. ಯಾವ ದೃಶ್ಯಕ್ಕೆ ಯಾವ ಹಾಡು ಎಂಬುದು ಬರೆಯುವಾಗಲೇ ಹೆಚ್ಚಿನಂಶ ತೀರ್ಮಾನವಾಗಿತ್ತು. ಇಡೀ ಸಿನಿಮಾದ ಖರ್ಚು ಎಂಟು ಲಕ್ಷ ಡಾಲರ್ ಕೂಡ ಮುಟ್ಟಿರಲಿಲ್ಲ. ಅದರಲ್ಲಿ ಸುಮಾರು 90,000 ಹಾಡುಗಳ ಹಕ್ಕಿಗೇ ಹೋಯಿತು. ಬೇರೆ ಹಿನ್ನೆಲೆ ಸಂಗೀತ ಮಾಡಿಸಲು ದುಡ್ಡು ಉಳಿಯಲಿಲ್ಲ. ಉಳಿಯದಿದ್ದದ್ದೇ ಒಳ್ಳೆಯದಾಯಿತು. ಪಿಟೀಲುಗಳು ಬಂದು ‘ಈಗ ಅಳು, ಈಗ ಹೆದರು’ ಎಂದು ಹೇಳಿಕೊಡುವ ಕಾಟ ಇಲ್ಲ.

ಎಲ್ವಿಸ್ ಪ್ರೀಸ್ಲಿ ಎಲ್ಲಿ ಅಂತ ಹೊಸಬರು ತಪ್ಪದೆ ಹುಡುಕುತ್ತಾರೆ. ಇಲ್ಲ. ಎಲ್ಲ ರೆಕಾರ್ಡ್ ಕಂಪನಿಗಳ ಮುಂದೂ ಒಂದೇ ದರ ಇಟ್ಟಿದ್ದರು, ಆತನ ಕಂಪನಿ ಆರ್‌ಸಿಎ ಒಪ್ಪಲಿಲ್ಲ. ಮೊದಮೊದಲು ನನಗೂ ಇದು ಕೊರತೆ ಅನ್ನಿಸುತ್ತಿತ್ತು. ಈಗ ಅನ್ನಿಸುವುದು ಬೇರೆ. ಅವನಿದ್ದಿದ್ದರೆ ಎಲ್ಲರ ಕಿವಿಯೂ ಅವನ ಕಡೆಗೇ. ಅವನಿಲ್ಲದ್ದರಿಂದ ಒಂದೇ ಹಾಡಿನಿಂದ ನೆನಪುಳಿದವರಿಗೂ ಇಲ್ಲಿ ಚಕ್ ಬೆರಿಯಂಥ ದೊಡ್ಡ ಗಾಯಕನ ಪಕ್ಕದಲ್ಲೇ ಕುರ್ಚಿ.

ಅದರಲ್ಲೂ ಡೂ-ವಾಪ್ ಗುಂಪುಗಳಿಗೆ. ವಾದ್ಯಕ್ಕೆ ಕಾಸಿಲ್ಲದ ಹುಡುಗರು, ಹೆಚ್ಚಿನವರು ಕರಿಯರು, ಬೀದಿ ಮೂಲೆಯಲ್ಲಿ ನಿಂತು ಬಾಯಲ್ಲೇ ತಾಳ, ಬಾಯಲ್ಲೇ ಬೇಸ್ ಎಂಬ ತಗ್ಗು ದನಿ ಕಟ್ಟಿ ಹಾಡಿ ಬೆಳೆಸಿದ ಪದ್ಧತಿ ಅದು. ‘ಗೆಟ್ ಎ ಜಾಬ್’ನಲ್ಲಿ ಸಿಲುಯೆಟ್ಸ್ ತಂಡ ‘ಷ ನ ನ ನ’ ಎಂದು ಎತ್ತಿಕೊಳ್ಳುತ್ತದೆ. ಕೇಳಿದರೆ ತಮಾಷೆ, ಹಾಡಿನ ವಿಷಯ ಮಾತ್ರ ಕೆಲಸ ಸಿಗದವನ ಪಾಡು. ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ಹಾಡಿದಾಗ ಫ್ರ್ಯಾಂಕಿ ಲೈಮನ್‌ಗೆ ಹದಿಮೂರು ವರ್ಷ. 1968ರಲ್ಲಿ ಇಪ್ಪತ್ತೈದಕ್ಕೇ ತೀರಿಕೊಂಡ. ಇದು ಗೊತ್ತಾದ ಮೇಲೆ ಆ ಚೂಪು ದನಿಯನ್ನು ಮೊದಲಿನ ಹಾಗೆ ಹಗುರಾಗಿ ಕೇಳಲು ಆಗುವುದಿಲ್ಲ.

ಬಿಡಿಬಿಡಿಯಾಗಿ ಹುಡುಕುವವರ ಕೈಗೆ ಫ್ಲೆಮಿಂಗೋಸ್ ತಂಡದ ‘ಐ ಓನ್ಲಿ ಹ್ಯಾವ್ ಐಸ್ ಫಾರ್ ಯೂ’ ಸಿಕ್ಕೇ ಸಿಗುತ್ತದೆ, ಪ್ರಸಿದ್ಧ ಹಾಡು. ಮೂಲ 1934ರದ್ದು, ಇವರು 1959ರಲ್ಲಿ ಹಾಡಿದರು. ಪಿಯಾನೊ ಒಂದೇ ಕಡೆ ಟಕ್ ಟಕ್ ಎಂದು ಬಡಿಯುತ್ತಿರುತ್ತದೆ, ಹಿಂದಿನಿಂದ ‘ಷ ಬಾಪ್ ಷ ಬಾಪ್’ ಎನ್ನುವುದು ಬಾವಿಯ ಒಳಗಿಂದ ಬಂದಂತಿದೆ. ಆದರೆ ಆಲ್ಬಮ್ಮಿನಲ್ಲಿ ಅದಕ್ಕೆ ಮುಂಚೆ ಬರುವುದು ‘ಜಾನಿ ಬಿ. ಗುಡ್’. ಚಕ್ ಬೆರಿಯ ಗಿಟಾರು ಮೈಯೆಲ್ಲ ಕುಲುಕಿಸಿ ನಿಂತ ಮರುಕ್ಷಣ ಈ ಮಂಜು. ಆಮೇಲೆ ಒಡನೆಯೇ ‘ಗೆಟ್ ಎ ಜಾಬ್’. ಈ ಮೂರರ ಏರಿಳಿತವನ್ನು ಯಾವ ಷಫಲ್ಲೂ ನನಗೆ ಕೊಟ್ಟಿಲ್ಲ. ಹಾಡುಗಳು ಸಿನಿಮಾದಲ್ಲಿ ಬರುವ ಕ್ರಮದಲ್ಲೇ ಇವೆ. ಸಂಜೆಯಿಂದ ಬೆಳಗಿನವರೆಗೆ ಎನ್ನಿ. ನಲವತ್ತೊಂದರಲ್ಲಿ ಮಾತಿಲ್ಲದ್ದು ಒಂದೇ, ಬುಕರ್ ಟಿ ತಂಡದ ‘ಗ್ರೀನ್ ಆನಿಯನ್ಸ್’. ಅದು ಬರುವುದು ಬೆಳಕು ಹರಿಯುವಾಗ, ಊರಾಚೆ ಕಾರು ರೇಸಿಗೆ ಎಲ್ಲರೂ ಸೇರುವ ಹೊತ್ತಿಗೆ. ರಾತ್ರಿಯೆಲ್ಲ ಹಾಡು ಕೇಳಿ ದಣಿದ ಕಿವಿಗೆ ಆ ಆರ್ಗನ್ನಿನ ಸದ್ದು ಹೇಗೆ ಬಂದು ಬೀಳುತ್ತದೆ ಎಂದು ಬರೆದು ತಿಳಿಸುವುದು ಕಷ್ಟ. ಮೊದಲ ಮೂವತ್ತೇಳನ್ನು ಕೇಳಿರಬೇಕು.

ಅಭಿಮಾನಿಗಳಲ್ಲಿ ಒಂದು ಜಗಳ ಇದೆ. ಸಿನಿಮಾದಲ್ಲಿ ಈ ಹಾಡುಗಳು ಕೇಳಿಸುವುದೇ ಬೇರೆ ಥರ. ಧ್ವನಿಯ ಹೊಣೆ ಹೊತ್ತ ವಾಲ್ಟರ್ ಮರ್ಚ್ ಮತ್ತು ಲ್ಯೂಕಸ್ ಇಡೀ ರೇಡಿಯೊ ಕಾರ್ಯಕ್ರಮವನ್ನು ಒಂದು ಮನೆಯ ಹಿತ್ತಲಿಗೆ ಒಯ್ದರು. ಒಬ್ಬರು ಸ್ಪೀಕರನ್ನು ಅತ್ತ ಇತ್ತ ತಿರುಗಿಸುವುದು, ಇನ್ನೊಬ್ಬರು ದೂರದಲ್ಲಿ ಮೈಕ್ ಹಿಡಿದು ಬೇಕಾಬಿಟ್ಟಿ ಆಡಿಸುವುದು. ಹೀಗೆ ಮತ್ತೆ ರೆಕಾರ್ಡ್ ಮಾಡಿದ್ದನ್ನು ಮೂಲದ ಜೊತೆ ಬೆರೆಸಿದರು. ಆದ್ದರಿಂದಲೇ ಹಾಡು ಒಮ್ಮೆ ಡ್ಯಾಶ್‌ಬೋರ್ಡಿನಿಂದ ಬರುತ್ತದೆ, ಒಮ್ಮೆ ಎದುರಿಗೆ ಹೋದ ಕಾರಿನಿಂದ, ಒಮ್ಮೆ ಎಲ್ಲಿಂದಲೋ ಬೀದಿ ತಿರುವಿನಿಂದ. ಆಲ್ಬಮ್ಮಿನಲ್ಲಿ ಈ ಚಮತ್ಕಾರ ಇಲ್ಲ, ರೆಕಾರ್ಡಿನ ಶುದ್ಧ ಧ್ವನಿಯೇ. ಹಾಗಾಗಿ ಇದು ಸಿನಿಮಾದ ಆಲ್ಬಮ್ಮೇ ಅಲ್ಲ ಎನ್ನುವವರಿದ್ದಾರೆ. ನಾನು ಆ ಪಕ್ಷದವನಲ್ಲ. ದೂರದಿಂದ ಕೇಳುವಾಗ ಬೇಸ್ ದನಿಯವನು ಏನು ಮಾಡುತ್ತಿದ್ದಾನೆಂದು ಗೊತ್ತಾಗುವುದಿಲ್ಲ, ಡೂ-ವಾಪ್‌ನಲ್ಲಿ ಅರ್ಧ ಮಜಾ ಅವನದ್ದೇ.

ಸಣ್ಣ ಪುಟ್ಟ ತಕರಾರು ನನಗೂ ಇವೆ. ಮುಖಪುಟದ ಮೇಲೆ ‘41 ಒರಿಜಿನಲ್ ಹಿಟ್ಸ್’ ಎಂದಿದೆ. ಶಾಲೆಯ ಡ್ಯಾನ್ಸಿನಲ್ಲಿ ಬರುವ ‘ಅಟ್ ದ ಹಾಪ್’ ಹಾಡಿದ್ದು ಎಪ್ಪತ್ತರ ದಶಕದ ಫ್ಲ್ಯಾಶ್ ಕ್ಯಾಡಿಲಾಕ್ ತಂಡ. ಅದು ಒರಿಜಿನಲ್ ಹೇಗಾಯಿತು? ಇನ್ನು ಕ್ರೋಸ್ ತಂಡದ ‘ಜೀ’ ಸಿನಿಮಾದಲ್ಲಿದ್ದೂ ಆಲ್ಬಮ್ಮಿಗೆ ಬರಲಿಲ್ಲ.

ಕೊನೆಯ ಹಾಡಿನ ಬಗ್ಗೆಯೂ ತಕರಾರಿದೆ, ಅದು ಮಾತ್ರ ನನ್ನದಲ್ಲ. ಬೀಚ್ ಬಾಯ್ಸ್‌ರ ‘ಆಲ್ ಸಮ್ಮರ್ ಲಾಂಗ್’ 1964ರದ್ದು, 1962ರ ಕಥೆಗೆ ಅದು ಹೊಂದುವುದಿಲ್ಲ ಎನ್ನುತ್ತಾರೆ. ಲೆಕ್ಕ ಸರಿ. ಆದರೆ ಜಾನ್ ಮಿಲ್ನರ್ ಎಂಬ ಪಾತ್ರ ನೆನಪಿಸಿಕೊಳ್ಳಿ. ಊರಿಗೆಲ್ಲ ವೇಗದ ಕಾರಿನವನು, ಅವನ ಪ್ರಕಾರ ಗಾಯಕ ಬಡ್ಡಿ ಹಾಲಿ ಸತ್ತ ಮೇಲೆ ರಾಕ್ ಅಂಡ್ ರೋಲ್ ಹಾಳಾಯಿತು. ಇದೇ ಬೀಚ್ ಬಾಯ್ಸ್‌ರ ಇನ್ನೊಂದು ಹಾಡು ಬಂದಾಗ ಬೈದು ರೇಡಿಯೊ ಆರಿಸುತ್ತಾನೆ. ಕೊನೆಗೆ ತೆರೆಯ ಮೇಲೆ ನಾಲ್ವರ ಮುಂದಿನ ಗತಿ ಬರುತ್ತದೆ: ಮಿಲ್ನರ್, 1964ರ ಡಿಸೆಂಬರಿನಲ್ಲಿ, ಕುಡಿದು ಗಾಡಿ ಓಡಿಸಿದವನೊಬ್ಬನಿಂದ ಸಾವು. ಅದಾದ ಮೇಲೆ ಈ ಹಾಡು. ಅವನ ಕೊನೆಯ ಬೇಸಿಗೆಯಲ್ಲಿ ರೇಡಿಯೊದ ತುಂಬ ಇದ್ದಿರಬಹುದಾದದ್ದು, ಅವನಿಗೆ ಕಂಡರಾಗದ ಗುಂಪಿನದ್ದು. ಲ್ಯೂಕಸ್ ಇದನ್ನು ಬೇಕೆಂದೇ ಮಾಡಿದನೋ ಏನೋ, ಇಸವಿ ತಪ್ಪಾಗಿದೆ ಎಂದು ಈ ಹಾಡನ್ನು ದಾಟಿಸಿ ಆಲ್ಬಮ್ ನಿಲ್ಲಿಸುವವರ ಜೊತೆ ಮಾತ್ರ ನನಗೆ ಆಗಿಬರುವುದಿಲ್ಲ.