ಗಾಂಧಿನಗರದ ಮನೆಗೆ ಯಾವ ಪಾಲಿಸಿ?

ನಮ್ಮ ಮನೆಯವರು ತೋರಣಗಲ್ಲು ಕಡೆಯ ಕಂಪನಿ ಕೆಲಸ ಬಿಟ್ಟು ಬಳ್ಳಾರಿಯಲ್ಲೇ ಸ್ವಂತ ಕೆಲಸ ಶುರು ಮಾಡುತ್ತೇನೆ ಅಂದಾಗ ನನಗೆ ಮೊದಲು ಹೊಳೆದದ್ದು ಸಂಬಳದ ವಿಷಯ ಅಲ್ಲ. ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆ ಹೋಗುತ್ತಲ್ಲ ಅನ್ನೋದು. ಅವರಿಗೆ ಐವತ್ತು ದಾಟಿದೆ. ಶುಗರ್ ಇದೆ, ಬಿಪಿ ಮಾತ್ರೆಯೂ ನಡೆದಿದೆ. ಕಂಪನಿ ಎಲ್ಲರಿಗೂ ಸೇರಿಸಿ ಮಾಡಿಸಿದ್ದ ಗ್ರೂಪ್ ಪಾಲಿಸಿಯಲ್ಲಿ ಇದನ್ನೆಲ್ಲ ಯಾರೂ ಕೇಳಿರಲಿಲ್ಲ.

ಗಾಂಧಿನಗರ ಹೇಗಿದೆ ಅಂತ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ದೊಡ್ಡ ಮನೆಗಳು, ಮನೆ ಮುಂದೆ ಕಾರುಗಳು. ಇಲ್ಲಿ ಇನ್ಶೂರೆನ್ಸ್ ಅಂದರೆ ಕಾರಿಗೆ ಮಾಡಿಸೋದು ಅಂತಲೇ ಲೆಕ್ಕ. "ನಿಮಗ್ಯಾಕಮ್ಮ ಅದೆಲ್ಲ? ದೇವರು ಕೊಟ್ಟಿದ್ದಾನಲ್ಲ" ಅಂದರು ಪಕ್ಕದ ಮನೆ ಅಕ್ಕ. ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ದುಡ್ಡು ಇರೋದು ಸೈಟಿನಲ್ಲಿ, ಹೊಲದಲ್ಲಿ, ಬಂಗಾರದಲ್ಲಿ, ಬರಬೇಕಾದ ಬಾಕಿಯಲ್ಲಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯವರು ಅಡ್ವಾನ್ಸ್ ಕಟ್ಟಿ ಅಂದರೆ ಸೈಟು ಮಾರಿ ಬರೋಕಾಗುತ್ತಾ? ಇದೇ ರಸ್ತೆಯಲ್ಲಿ ಎರಡಂತಸ್ತಿನ ಮನೆಯವರೊಬ್ಬರು ಬೈಪಾಸ್ ಆಪರೇಷನ್‌ಗೆ ಹೆಂಡತಿಯ ಬಂಗಾರ ಅಡ ಇಟ್ಟರು. ಆ ಅಕ್ಕನಿಗೂ ಅದು ಗೊತ್ತು.

ಸರ್ಕಾರದ ಯೋಜನೆ ಇದೆ, ನಿಜ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಉಳಿದದ್ದು ನಮ್ಮದೇ.

ಭಾನುವಾರ ಬೆಳಿಗ್ಗೆ ಒಬ್ಬ ಏಜೆಂಟ್ ಮನೆಗೆ ಬಂದರು. ಒಗ್ಗಾಣಿ ಮಿರ್ಚಿ ಮುಗಿಯುವಷ್ಟರಲ್ಲಿ ಮಾತೂ ಮುಗಿಯುತ್ತೆ ಅಂದುಕೊಂಡು ಬಂದಿದ್ದರು ಅನ್ನಿಸುತ್ತೆ. ಮಧ್ಯಾಹ್ನದ ಊಟವೂ ನಮ್ಮಲ್ಲೇ ಆಯ್ತು.

"ಇಬ್ಬರಿಗೂ ಸೇರಿ ಒಂದು ಫ್ಲೋಟರ್ ಮಾಡಿಬಿಡಿ ಮೇಡಂ, ಕಡಿಮೆ ಬೀಳುತ್ತೆ" ಅಂದರು. ಫ್ಲೋಟರ್ ಅಂದರೆ ಒಂದೇ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಪಾಲಿಸಿ. ಅದರಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ಹೆಚ್ಚು ವಯಸ್ಸಾದವರನ್ನು ನೋಡಿ ಪ್ರೀಮಿಯಂ ಹಾಕುತ್ತಾರೆ. ಒಬ್ಬರಿಗೆ ದೊಡ್ಡ ಆಪರೇಷನ್ ಆದರೆ ಆ ವರ್ಷದ ಮೊತ್ತ ಇಬ್ಬರಿಗೂ ಖಾಲಿ. ಕೆಲವು ಪಾಲಿಸಿಗಳಲ್ಲಿ ಅದನ್ನು ಮತ್ತೆ ತುಂಬಿಸಿಕೊಡುತ್ತಾರೆ, ಆದರೆ ಅದಕ್ಕೂ ಷರತ್ತುಗಳಿವೆ. ನಾನು ಬೇರೆ ಬೇರೆ ಪಾಲಿಸಿಯೇ ಬೇಕು ಅಂದೆ. ಅದಕ್ಕೆ ಇನ್ನೊಂದು ಗಟ್ಟಿ ಕಾರಣವೂ ಇತ್ತು. ಗ್ರೂಪ್ ಪಾಲಿಸಿಯಲ್ಲಿ ಇದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದು. ಹಾಗೆ ಮಾಡಿದರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಸೇರುತ್ತವೆ, ಹಳೆಯ ಮೊತ್ತದ ಮಟ್ಟಿಗೆ ಶುಗರ್‌ಗೆ ಹೊಸದಾಗಿ ಕಾಯಬೇಕಿಲ್ಲ. ಹೊಸದಾಗಿ ತಗೊಂಡರೆ ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಕೊಡದೆ 3 ವರ್ಷದವರೆಗೂ ಕಾಯಿಸಬಹುದು. 2024ಕ್ಕೆ ಮುಂಚೆ ಇದು 4 ವರ್ಷ ಇತ್ತು. ಈ ಬದಲಾವಣೆಯ ಅರ್ಜಿಯನ್ನು ಕೆಲಸ ಬಿಡುವ ಮೊದಲೇ ಹಾಕಿಬಿಡುವುದು ಒಳ್ಳೆಯದು. ಏಜೆಂಟ್ ಈ ದಾರಿಯ ಸುದ್ದಿಯನ್ನೇ ಎತ್ತಿರಲಿಲ್ಲ. ನಮ್ಮ ಮನೆಯವರಿಗೆ ಆ ದಾರಿ, ನನಗೆ ಬೇರೆ ಕಂಪನಿಯ ಹೊಸ ಪಾಲಿಸಿ ಅಂತ ತೀರ್ಮಾನ ಆಯ್ತು.

ಆಮೇಲೆ ರೂಮ್ ಬಾಡಿಗೆ. ಜನ ಮೋಸ ಹೋಗೋದು ಜಾಸ್ತಿ ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. 5 ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಶೇ 1 ಅಂತ ಮಿತಿ ಇದೆ ಅಂದುಕೊಳ್ಳಿ. ಅಂದರೆ 5,000 ರೂಪಾಯಿ. ನೀವು 10,000 ರೂಪಾಯಿಯ ರೂಮ್ ತಗೊಂಡಿರಿ. ಹೆಚ್ಚಿನ 5,000 ಕೈಯಿಂದ ಕಟ್ಟಿದರಾಯ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದಕ್ಕೂ ಅರ್ಧವೇ ಕೊಡುತ್ತಾರೆ. ಔಷಧಿ, ಸ್ಟೆಂಟ್‌ನಂಥ ವಸ್ತುಗಳು, ಟೆಸ್ಟುಗಳಿಗೆ ಮಾತ್ರ ಈ ಕಡಿತ ಇಲ್ಲ. ಗಾಂಧಿನಗರದವರು ಜನರಲ್ ವಾರ್ಡಿಗೆ ಹೋಗೋರಲ್ಲ, ಸ್ಪೆಷಲ್ ರೂಮೇ ಕೇಳುತ್ತಾರೆ. ಹಾಗಾಗಿ ರೂಮ್ ಮಿತಿ ಇರೋ ಪಾಲಿಸಿಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಉಳಿದವುಗಳಲ್ಲಿ ಒಂದು ತುಂಬಾ ಅಗ್ಗ ಇತ್ತು. ಯಾಕೆ ಅಂತ ಕೇಳಿದೆ. "ಬಳ್ಳಾರಿ ಪಿನ್‌ಕೋಡ್ ಅಲ್ವಾ ಮೇಡಂ, ಸಣ್ಣ ಊರಿನ ರೇಟು" ಅಂದರು. ಬೆಂಗಳೂರಿಗೆ ಹೋದರೆ? ಪುಟ ತಿರುಗಿಸಿ ತೋರಿಸಿದರು. ದೊಡ್ಡ ನಗರದಲ್ಲಿ ಚಿಕಿತ್ಸೆ ಆದರೆ ಬಿಲ್ಲಿನ ಶೇ 20 ನಮ್ಮ ಕೈಯಿಂದ.

ಅಲ್ಲಿ ನಾನು ನಿಂತೆ. ಬಳ್ಳಾರಿಯವರು ಜ್ವರ, ಹೆರಿಗೆ, ಅಪೆಂಡಿಕ್ಸ್‌ಗೆ ಊರಲ್ಲೇ ತೋರಿಸುತ್ತೇವೆ. ಹಳೆ ವಿಮ್ಸ್ ಸರ್ಕಾರಿ ಆಸ್ಪತ್ರೆ, ಅಂದರೆ ಈಗಿನ ಬಿಎಂಸಿಆರ್‌ಸಿ ಇದೆ, ಖಾಸಗಿ ಆಸ್ಪತ್ರೆಗಳಿವೆ. ಆದರೆ ಹೃದಯ, ಕ್ಯಾನ್ಸರ್, ಕಿಡ್ನಿ ಅಂದ ಕೂಡಲೇ ಗಾಡಿ ಬೆಂಗಳೂರಿನ ಕಡೆಗೋ ಹೈದರಾಬಾದ್ ಕಡೆಗೋ ತಿರುಗುತ್ತೆ. 300 ಕಿಲೋಮೀಟರ್‌ಗೂ ಹೆಚ್ಚು ದೂರ ಆದರೂ ಹೋಗೇ ಹೋಗುತ್ತೇವೆ. 10 ಲಕ್ಷದ ಬಿಲ್ಲು ಬರೋದೂ ಅಲ್ಲೇ. ಅದರಲ್ಲಿ ಶೇ 20 ಅಂದರೆ 2 ಲಕ್ಷ. ಹೊಲ ಬಳ್ಳಾರಿಯಲ್ಲಿದ್ದು ಬಾವಿ ಬೆಂಗಳೂರಲ್ಲಿದ್ದ ಹಾಗೆ. ನಮ್ಮ ಜಿಲ್ಲೆಯಲ್ಲಿ ಪಾಲಿಸಿ ತಗೊಳ್ಳೋರು ಪ್ರೀಮಿಯಂ ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ನಾವು ನಿಜವಾಗಿ ಹೋಗೋ ಊರಿನಲ್ಲಿ ಪೂರ್ತಿ ಕೊಡುತ್ತೀರಾ? ನಾನು ಬೆಂಗಳೂರಿನ ವಲಯದ ರೇಟನ್ನೇ ಕಟ್ಟಿದೆ. ದುಬಾರಿ, ಆದರೂ ಅದೇ ಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ 18ರ ಜಿಎಸ್‌ಟಿ ತೆಗೆದಿರುವುದರಿಂದ ಸ್ವಲ್ಪ ಹಗುರಾಯ್ತು.

ಫಾರಂ ತುಂಬುವಾಗ ನನ್ನ ಥೈರಾಯ್ಡ್ ವಿಷಯ ಬಂತು. "ಸಣ್ಣದು ಮೇಡಂ, ಬರೀಬೇಡಿ, ಸುಮ್ನೆ ಪ್ರೀಮಿಯಂ ಏರಿಸುತ್ತಾರೆ" ಅಂದರು ಏಜೆಂಟ್. ನಮ್ಮ ಮನೆಯವರೂ ತಲೆ ಆಡಿಸಿದರು. "ರೀ, ಕಮಿಷನ್ ಅವರಿಗೆ, ಕ್ಲೇಮ್ ನಮಗೆ" ಅಂದೆ, ಸ್ವಲ್ಪ ಜೋರಾಗೇ. ಈಗಿನ ನಿಯಮದ ಪ್ರಕಾರ ಸತತ 5 ವರ್ಷ ಕಟ್ಟಿದ ಮೇಲೆ, ಮೋಸ ಅಂತ ಸಾಬೀತಾಗದ ಹೊರತು, ಕಾಯಿಲೆ ಹೇಳಿಲ್ಲ ಅಂತ ಕ್ಲೇಮ್ ತಳ್ಳಿಹಾಕುವಂತಿಲ್ಲ. ಅಂದರೆ ಮೊದಲ 5 ವರ್ಷ ಆ ಕತ್ತಿ ತಲೆ ಮೇಲೆ ಇದ್ದೇ ಇರುತ್ತೆ. ಥೈರಾಯ್ಡ್ ಬರೆಸಿದೆ. ಮಾತ್ರೆಯ ಹೆಸರು, ಡೋಸ್ ಸಮೇತ.

ಪಾಲಿಸಿ ಕೈಗೆ ಬಂದ ಮೇಲೆ ತೆರೆದು ನೋಡಿದರೆ ಥೈರಾಯ್ಡ್ ಸಾಲೇ ಅದರಲ್ಲಿ ಇರಲಿಲ್ಲ. 30 ದಿನದೊಳಗೆ ಬೇಡ ಅಂತ ವಾಪಸ್ ಕೊಡುವ ಹಕ್ಕು ನಮಗಿದೆ. ಅದನ್ನೇ ಹೇಳಿ ಇಮೇಲ್ ಹಾಕಿದೆ, ತಿದ್ದಿದ ಪ್ರತಿ ಬಂತು.

ಈಗ ಅತ್ತೆಯವರ ಪಾಲಿಸಿ ನೋಡುತ್ತಿದ್ದೇವೆ. 65 ದಾಟಿದವರಿಗೆ ಸಿಗಲ್ಲ ಅಂತ ಅವರೇ ಕೈ ಬಿಟ್ಟಿದ್ದರು. ಆ ವಯಸ್ಸಿನ ಅಡ್ಡಿ 2024ರಲ್ಲೇ ಹೋಗಿದೆ, ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ವಿಮಾ ಪ್ರಾಧಿಕಾರದ ಜೊತೆ ಮೊದಲು ಮಾತಾಡಬೇಕು ಅಂತಲೂ 2025ರ ಜನವರಿಯಲ್ಲಿ ಆದೇಶ ಆಗಿದೆ ಅಂತ ಅವರಿಗೆ ಕೂತು ವಿವರಿಸಿದೆ. ಫಾರಂ ತರಿಸು ಅಂದಿದ್ದಾರೆ. ಪಕ್ಕದ ಮನೆ ಅಕ್ಕನೂ ಆ ದಿನ ಬಂದು ಕೂರುತ್ತೇನೆ ಅಂದಿದ್ದಾರೆ.